ಪಾದದಡಿಯ ಲೆಕ್ಕ

ನನ್ನ ಬಲಗಾಲಿನ ಮೊಣಕಾಲಿಂದ ನಾಲ್ಕು ಬೆರಳು ಕೆಳಗೆ, ಸರಿಯಾಗಿ ಮೂಳೆಯ ಮೇಲೆ, ಒಂದು ಗೀರು ಇದೆ. ಆರು ಹೊಲಿಗೆ ಬಿದ್ದ ಗಾಯ. ಐದು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಭಾನುವಾರ, ಬೆಂಗಳೂರಿನ ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡಿನಲ್ಲಿ ಬಂಡೆಯೊಂದನ್ನು ಇಳಿಯುವಾಗ ಪಾದ ಪೆಡಲಿನಿಂದ ಜಾರಿತು. ಹಿಂದಿನ ರಾತ್ರಿ ಮಳೆ ಹುಯ್ದಿತ್ತು. ಪೆಡಲು ಸೈಕಲ್ಲಿನ ಜೊತೆಗೇ ಬಂದ ಕರಿ ಪ್ಲಾಸ್ಟಿಕ್ಕಿನದು, ಒದ್ದೆಯಾದರೆ ನೆನೆದ ಸೋಪಿನ ಹಾಗೆ. ಪಾದ ಕೆಳಗೆ ಹೋಯಿತು, ಪೆಡಲು ಗಿರ್ರನೆ ತಿರುಗಿ ಬಂದು ಅದರ ಅಂಚು ಕಾಲಿಗೆ ಬಡಿಯಿತು. ಹೊಲಿಗೆ, ಟಿಟಿ ಇಂಜೆಕ್ಷನ್, ಮಾತ್ರೆ, ಮತ್ತೆ ಎರಡು ಸಲ ಡ್ರೆಸ್ಸಿಂಗ್ ಸೇರಿ 4,600 ರೂಪಾಯಿ ಆಯಿತು. ಕಚೇರಿಗೆ ಮೂರು ದಿನ ರಜೆ.

ಆ ಸೈಕಲ್ಲಿಗೆ ನಾನು 38,000 ರೂಪಾಯಿ ಕೊಟ್ಟಿದ್ದೆ. ಮುಂದಿನ ಶಾಕ್ ಎಷ್ಟು ಕುಗ್ಗುತ್ತದೆ, ಡಿಸ್ಕ್ ಬ್ರೇಕು ಎಣ್ಣೆಯದೋ ಕೇಬಲ್ಲಿನದೋ, ಗೇರು ಎಷ್ಟು, ಎಲ್ಲ ಕೇಳಿದ್ದೆ. ಪೆಡಲಿನ ಬಗ್ಗೆ ಒಂದೇ ಒಂದು ಮಾತು ಕೇಳಿರಲಿಲ್ಲ. ಸೈಕಲ್ಲಿಗೂ ನಮ್ಮ ದೇಹಕ್ಕೂ ನಂಟು ಇರುವುದು ಮೂರೇ ಕಡೆ: ಕೈ, ಕೂರುವ ಜಾಗ, ಪಾದ. ಗುಡ್ಡ ಇಳಿಯುವಾಗ ಸೀಟಿನಿಂದ ಎದ್ದು ನಿಲ್ಲುತ್ತೇವೆ, ಆಗ ಮೈಭಾರವೆಲ್ಲ ಎರಡು ಪಾದಗಳ ಮೇಲೇ. ಹಾಗಿದ್ದೂ ಸೈಕಲ್ ಕಂಪನಿಗಳು ದುಡ್ಡು ಉಳಿಸುವುದು ಪೆಡಲಿನಲ್ಲೇ. ದುಬಾರಿ ಸೈಕಲ್ಲುಗಳಲ್ಲಿ ಎಷ್ಟೋ ಪೆಡಲ್ ಇಲ್ಲದೆಯೇ ಮಾರಾಟವಾಗುತ್ತವೆ. ಸವಾರರು ಹೇಗೂ ತಮಗೆ ಬೇಕಾದದ್ದು ಹಾಕಿಸಿಕೊಳ್ಳುತ್ತಾರೆ ಎಂಬ ಲೆಕ್ಕ ಅದು. ಅಗ್ಗದ ಸೈಕಲ್ ಕೊಳ್ಳುವ ನಮಗೆ ಈ ಮಾತನ್ನು ಹೇಳುವವರೇ ಇಲ್ಲ.

ಗಾಯ ಮಾಗಿದ ಮೇಲೆ ಆನ್‌ಲೈನಿನಲ್ಲಿ 1,150 ರೂಪಾಯಿಗೆ ಒಂದು ಜೊತೆ ಅಲ್ಯೂಮಿನಿಯಂ ಪೆಡಲ್ ತರಿಸಿದೆ. ನೋಡಲು ಭರ್ಜರಿ. ಕೆಂಪು ಬಣ್ಣ, ಮೈತುಂಬ ಮುಳ್ಳು. ಮೊದಲ ಎರಡು ತಿಂಗಳು ಕಾಲು ಜಾರಲೇ ಇಲ್ಲ. ಮೂರನೇ ತಿಂಗಳ ಹೊತ್ತಿಗೆ ಬಂಡೆಗೆ ತಗುಲಿ ತಗುಲಿ ಮುಳ್ಳುಗಳು ಮೊಂಡಾದವು. ಅವು ಪೆಡಲಿನ ಜೊತೆಯಲ್ಲೇ ಎರಕ ಹೊಯ್ದವು, ಬದಲಿಸುವಂತಿಲ್ಲ. ಐದನೇ ತಿಂಗಳಿಗೆ ಎಡಗಡೆಯದು ಆಡತೊಡಗಿತು. ಏಳನೇ ತಿಂಗಳು ಪ್ರತಿ ಸುತ್ತಿಗೂ ಕಟಕ್ ಎನ್ನುತ್ತಿತ್ತು. ಬನಶಂಕರಿಯಲ್ಲಿ ನಮ್ಮ ಸೈಕಲ್ ಮೇಸ್ತ್ರಿಯ ಹತ್ತಿರ ಒಯ್ದರೆ, ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ ನೋಡಿ ವಾಪಸ್ ಕೊಟ್ಟರು. “ಬಿಚ್ಚೋಕೆ ಬರಲ್ಲ ಅಕ್ಕಾ. ತುದೀನ ಒತ್ತಿ ಮುಚ್ಚಿಬಿಟ್ಟವ್ನೆ. ಇದು ಬಿಸಾಕೋ ಐಟಂ.”

ಆಗಲೂ ನನಗೆ ಬುದ್ಧಿ ಬರಲಿಲ್ಲ. ಅದೇ ಪೆಡಲನ್ನು ಇನ್ನೊಂದು ಜೊತೆ ತರಿಸಿದೆ. ಸಾವಿರದ ಚಿಲ್ಲರೆ ತಾನೆ, ಒಳ್ಳೆಯದಕ್ಕೆಂದು ನಾಲ್ಕು ಸಾವಿರ ಯಾರು ಕೊಡುತ್ತಾರೆ ಎಂದುಕೊಂಡೆ. ಅದೂ ಏಳು ತಿಂಗಳಿಗೇ ಮುಗಿಯಿತು. ಹದಿನಾಲ್ಕು ತಿಂಗಳಿಗೆ 2,300, ಅಂದರೆ ತಿಂಗಳಿಗೆ 164 ರೂಪಾಯಿ. ಒಂದೇ ಸಲಕ್ಕೆ ಜೇಬಿನಿಂದ ಹೋಗುವ ಮೊತ್ತ ಚಿಕ್ಕದಾಗಿದ್ದರೆ ಮನಸ್ಸು ಅದನ್ನು ಖರ್ಚೆಂದೇ ಬಗೆಯುವುದಿಲ್ಲ. ಪೊರಕೆ, ಚಪ್ಪಲಿ, ಮೊಬೈಲ್ ಚಾರ್ಜರ್, ಎಲ್ಲದರಲ್ಲೂ ನಮ್ಮ ಮನೆಯಲ್ಲಿ ಇದೇ ನಡೆಯುತ್ತಿತ್ತು.

ಎರಡನೇ ಜೊತೆ ಕೈಕೊಟ್ಟ ಮೇಲೆ ಒಂದು ಶನಿವಾರ ಮಧ್ಯಾಹ್ನ ಮೇಸ್ತ್ರಿಯ ಅಂಗಡಿಯಲ್ಲೇ ಕೂತೆ. ರಿಪೇರಿಗೆ ಬಂದಿದ್ದ ಬೇರೆ ಯಾರದೋ ಪೆಡಲನ್ನು ಅವರು ಹಳೇ ಪೇಪರಿನ ಮೇಲೆ ಬಿಚ್ಚುತ್ತಿದ್ದರು. ತುದಿಯ ಮುಚ್ಚಳ ತಿರುಗಿಸಿ ತೆಗೆದರು, ಒಳಗೆ ಒಂದು ನಟ್ಟು. ಅದು ಬಂದ ಮೇಲೆ ಆಕ್ಸಲ್ ಇನ್ನೊಂದು ಕಡೆಯಿಂದ ಜಾರಿ ಹೊರಬಂತು. ಒಳಗಿನ ಗ್ರೀಸು ಚಹಾದ ಚರಟದ ಬಣ್ಣಕ್ಕೆ ತಿರುಗಿತ್ತು, ನೀರು ಹೊಕ್ಕ ಗುರುತು. ಹೊರತುದಿಯಲ್ಲಿ ಕಾಲುಂಗುರದಷ್ಟು ಪುಟ್ಟ ಬೇರಿಂಗು, ಅದರ ಅಂಚಿನಲ್ಲಿ 686 ಎಂಬ ಅಂಕಿ. ಒಳಬದಿಯಲ್ಲಿ ಬೇರಿಂಗ್ ಬದಲು ತೆಳ್ಳಗಿನ ಕೊಳವೆಯಂಥ ಬುಷ್. ಮೇಸ್ತ್ರಿ ಬೇರಿಂಗನ್ನು ಕಿರುಬೆರಳಿನ ತುದಿಗೆ ಸಿಕ್ಕಿಸಿಕೊಂಡು ತಿರುಗಿಸಿದರು. ಮರಳು ಅರೆದ ಸದ್ದು. “ಇದು ಎಸ್.ಜೆ.ಪಿ. ರೋಡಲ್ಲಿ ಸಿಗ್ತದೆ ಅಕ್ಕಾ. ನಂಬರ್ ಹೇಳಿದ್ರೆ ಸಾಕು, ಕೊಡ್ತಾರೆ. ಪೆಡಲ್ ಇನ್ನೂ ನಾಲ್ಕು ವರ್ಷ ಓಡ್ತದೆ.”

ಪೆಡಲ್ ಕೊಳ್ಳುವಾಗ ನಾನು ಈಗ ಕೇಳುವ ಮೊದಲ ಪ್ರಶ್ನೆ ಹುಟ್ಟಿದ್ದು ಆ ಪೇಪರಿನ ಮೇಲೆ. ಸವೆದಾಗ ಇದರ ಒಳಗಿನದು ನಮ್ಮೂರಿನಲ್ಲಿ ಸಿಗುತ್ತದೆಯೇ? ಬೆಲೆ ಕೇಳುವುದು ಆಮೇಲೆ. 686 ಅಂದರೆ 6 ಮಿಲಿಮೀಟರ್ ಒಳರಂಧ್ರ, 13 ಮಿಲಿಮೀಟರ್ ಹೊರ ಅಳತೆಯ ಬೇರಿಂಗು. ಯಾವ ಕಂಪನಿ ಮಾಡಿದರೂ ಅಳತೆ ಅದೇ. ಪೆಡಲ್ ಕಂಪನಿ ನಾಳೆ ಬಾಗಿಲು ಹಾಕಿದರೂ ಬೇರಿಂಗ್ ಅಂಗಡಿ ಇರುತ್ತದೆ. ಪಿನ್ನುಗಳದ್ದೂ, ಅಂದರೆ ಆ ಮುಳ್ಳುಗಳದ್ದೂ, ಹೀಗೇ. ಎಷ್ಟೋ ಪೆಡಲುಗಳ ಪಿನ್ನು ನಿಜಕ್ಕೂ ನಾಲ್ಕು ಮಿಲಿಮೀಟರಿನ ಗ್ರಬ್ ಸ್ಕ್ರೂ, ಹಾರ್ಡ್‌ವೇರ್ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಕಂಪನಿಯ ಹೆಸರು ಅಚ್ಚಾದ ಪೊಟ್ಟಣದಲ್ಲಿ ಬರುವ ಪಿನ್ನಿಗೆ ಅದರ ಹಲವು ಪಟ್ಟು ಬೆಲೆ. ಉದ್ದ ಮಾತ್ರ ನೋಡಿ ತರಬೇಕು. ಪೆಡಲಿನ ಮೇಲೆ ನಾಲ್ಕರಿಂದ ಐದು ಮಿಲಿಮೀಟರ್ ಎದ್ದು ನಿಂತರೆ ಚೆನ್ನಾಗಿ ಕಚ್ಚುತ್ತದೆ.

ಹಿಡಿತದ ವಿಚಾರದಲ್ಲಿ ನಾನು ಮಾಡಿದ್ದ ದೊಡ್ಡ ತಪ್ಪು, ಮುಳ್ಳು ಹೆಚ್ಚಾದಷ್ಟೂ ಹಿಡಿತ ಹೆಚ್ಚು ಎಂದುಕೊಂಡಿದ್ದು. ಭೀಷ್ಮ ಶರಶಯ್ಯೆಯ ಮೇಲೆ ಮಲಗಿದ್ದನ್ನು ನೆನೆದುಕೊಳ್ಳಿ. ಮೊನೆಗಳು ಒತ್ತೊತ್ತಾಗಿ ಇದ್ದಷ್ಟೂ ಭಾರ ಹಂಚಿಹೋಗುತ್ತದೆ, ಯಾವ ಮೊನೆಯೂ ಆಳಕ್ಕೆ ಇಳಿಯುವುದಿಲ್ಲ. ಶೂ ತಳ ಮುಳ್ಳುಗಳ ಮೇಲೆ ತೇಲಿಕೊಂಡಿರುತ್ತದೆ. ಒಂದೊಂದು ಬದಿಗೆ ಹತ್ತರ ಆಸುಪಾಸು ಪಿನ್ನು, ಅವು ಅಂಚಿನಲ್ಲಿ ಎತ್ತರವಾಗಿ ನಡುವೆ ತಗ್ಗಾಗಿ ಇದ್ದರೆ ಪಾದ ಊಟದ ತಟ್ಟೆಯಲ್ಲಿ ಕೂತಂತೆ ಕೂರುತ್ತದೆ. ಆ ತಗ್ಗು ಒಂದೆರಡು ಮಿಲಿಮೀಟರ್ ಅಷ್ಟೇ, ಆದರೆ ಕಾಲಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ನೋಡಬೇಕಾದ್ದು ಪಿನ್ನನ್ನು ಯಾವ ಕಡೆಯಿಂದ ತಿರುಗಿಸಿದ್ದಾರೆ ಎಂಬುದು. ಮೇಲಿನಿಂದ ಅಲೆನ್ ಕೀ ಹಾಕುವಂತಿದ್ದರೆ, ಬಂಡೆಗೆ ಬಡಿದಾಗ ಆ ರಂಧ್ರವೇ ಜಜ್ಜಿಹೋಗಿ ಪಿನ್ನು ಬಿಚ್ಚಲಾಗುವುದಿಲ್ಲ. ಎದುರು ಬದಿಯಿಂದ ತಿರುಗಿಸಿ ಕೂರಿಸಿದ್ದರೆ ಮೊನೆ ಸವೆದರೂ ತಲೆ ಹಾಗೇ ಉಳಿಯುತ್ತದೆ. ಹದಿನೈದು ನಿಮಿಷದ ಕೆಲಸ ಹದಿನೈದು ನಿಮಿಷದಲ್ಲೇ ಮುಗಿಯುತ್ತದೆ.

ಅಂಗಡಿಯ ಹುಡುಗರು ಪೆಡಲನ್ನು ಬೆರಳಲ್ಲಿ ಹೊಡೆದು ಬುಗುರಿಯ ಹಾಗೆ ತಿರುಗಿಸಿ ತೋರಿಸುತ್ತಾರೆ, ನೋಡಿ ಮೇಡಂ ಎಷ್ಟು ಫ್ರೀ ಇದೆ ಅಂತ. ಅದಕ್ಕೆ ಮರುಳಾಗಬೇಡಿ. ಬುಷ್ ಇರುವ, ಒಳ್ಳೆಯ ಸೀಲು ಹಾಕಿ ಗ್ರೀಸು ತುಂಬಿದ ಪೆಡಲು ಹೊಸದರಲ್ಲಿ ಒಂದು ಸುತ್ತೂ ತಿರುಗದೆ ನಿಲ್ಲಬಹುದು. ನೀರು ಒಳಗೆ ಹೋಗದಂತೆ ತಡೆಯುವುದೂ ಆ ಬಿಗಿಯೇ. ತುಳಿಯುವಾಗ ಕಾಲಿನ ಬಲಕ್ಕೆ ಆ ಬಿಗಿ ಲೆಕ್ಕಕ್ಕೇ ಬರುವುದಿಲ್ಲ.

ಕೊನೆಗೆ ನಾನು ಕೊಂಡದ್ದು ನೈಲಾನ್ ಪೆಡಲು. ಕ್ರೋಮ್‌ಮಾಲಿ ಉಕ್ಕಿನ ಆಕ್ಸಲ್, ಬದಲಿಸಬಹುದಾದ ಉಕ್ಕಿನ ಪಿನ್ನು, ಬಿಚ್ಚಿ ಕೂಡಿಸಲು ಬರುವ ಬೇರಿಂಗು. 3,900 ರೂಪಾಯಿ. ಪ್ಲಾಸ್ಟಿಕ್ಕಿನಿಂದ ಗಾಯ ಮಾಡಿಕೊಂಡವಳು ಮತ್ತೆ ಪ್ಲಾಸ್ಟಿಕ್ಕಿಗೇ ಹೋದಳಲ್ಲ ಎಂದು ಮನೆಯಲ್ಲಿ ಕೇಳಿದರು. ಆದರೆ ಗಾಯ ಮಾಡಿದ್ದು ಪಿನ್ನಿಲ್ಲದ ನುಣುಪು ಮೈ. ನೈಲಾನಿನ ಗುಣ ಬೇರೆಯೇ. ಬಂಡೆಗೆ ತಗುಲಿದಾಗ ಅಲ್ಯೂಮಿನಿಯಂ ಕಚ್ಚಿಕೊಂಡು ನಿಂತುಬಿಡುತ್ತದೆ, ನೈಲಾನ್ ಜಾರಿಕೊಂಡು ಹೋಗುತ್ತದೆ. ತುರಹಳ್ಳಿಯಂಥ ಕಲ್ಲಿನ ಜಾಗದಲ್ಲಿ ಇದು ಎಷ್ಟೋ ಸಲ ನನ್ನನ್ನು ಬೀಳದಂತೆ ಕಾಪಾಡಿದೆ. ತೂಕದಲ್ಲೂ ದೊಡ್ಡ ವ್ಯತ್ಯಾಸ ಇಲ್ಲ, ಎರಡೂ ಬಗೆಯವು ಒಂದು ಜೊತೆಗೆ 350ರಿಂದ 400 ಗ್ರಾಂ ಆಸುಪಾಸು. ಕೊರತೆ ಇಲ್ಲದೆ ಇಲ್ಲ: ಪಿನ್ನಿಗೆ ಜೋರು ಪೆಟ್ಟು ಬಿದ್ದರೆ ನೈಲಾನಿನ ಥ್ರೆಡ್ಡೇ ಕಿತ್ತುಬರಬಹುದು. ಹಾಗಾಗಿ ಪಿನ್ನಿನ ಹಿಂದೆ ನಟ್ಟು ಅಥವಾ ಥ್ರೆಡ್ ಇರುವ ಲೋಹದ ಕೊಳವೆ ಕೂರಿಸಿರುವುದನ್ನೇ ಹುಡುಕಿದೆ.

ಈಗ ನಾಲ್ಕು ವರ್ಷ ಆಯಿತು. ಎರಡು ಸಲ ಬೇರಿಂಗು, ಬುಷ್ ಬದಲಿಸಿದ್ದಕ್ಕೆ ಕೂಲಿ ಸೇರಿ 900. ಪಿನ್ನುಗಳಿಗೆ 120. ಒಟ್ಟು 4,920, ತಿಂಗಳಿಗೆ ನೂರೆರಡೂವರೆ ರೂಪಾಯಿ. ಸವೆದದ್ದನ್ನೆಲ್ಲ ಬದಲಿಸಿರುವುದರಿಂದ ಇನ್ನೂ ಓಡುತ್ತಲೇ ಇದೆ, ಲೆಕ್ಕ ಪ್ರತಿ ತಿಂಗಳೂ ಇಳಿಯುತ್ತಿದೆ. ಜೊತೆಗೆ ಸವಾರಿ ಮಾಡುವ ಗೆಳೆಯರೊಬ್ಬರು 11,000 ಕೊಟ್ಟು ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದ ಪೆಡಲ್ ಹಾಕಿಸಿದ್ದಾರೆ. ಸುಂದರವಾದ ಕೆಲಸ, ಕಾಲಿಟ್ಟು ನೋಡಿದ್ದೇನೆ, ಹಿಡಿತ ನನ್ನದಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಆದರೆ ನನ್ನ ತಿಂಗಳ ಖರ್ಚಿಗೆ ಅದು ಸರಿದೂಗಬೇಕಾದರೆ ಒಂದು ರೂಪಾಯಿ ರಿಪೇರಿಯೂ ಇಲ್ಲದೆ ಒಂಬತ್ತು ವರ್ಷ ಬಾಳಬೇಕು. ಪ್ರತಿ ವಾರ ದೊಡ್ಡ ಗುಡ್ಡ ಇಳಿಯುವವರಿಗೆ, ಸ್ಪರ್ಧೆಗೆ ಹೋಗುವವರಿಗೆ ಅದು ಬೇಕಾಗಬಹುದು. ಟೈಟಾನಿಯಂ ಆಕ್ಸಲ್ಲಿನದ್ದಂತೂ ಬೇಡ ಎಂದೇ ನನ್ನ ಸಲಹೆ. ತೂಕ ಕಡಿಮೆ ಮಾಡಲು ದುಡ್ಡು ಸುರಿಯುತ್ತೇವೆ, ಅಷ್ಟಾದರೂ ಅಂಥ ಕೆಲವು ಪೆಡಲುಗಳಿಗೆ ಸವಾರರ ತೂಕದ ಮಿತಿ ಬೇರೆ ಇರುತ್ತದೆ.

ಪಾದ ಕಚ್ಚಿಸಿಕೊಳ್ಳುವ ಕ್ಲಿಪ್ ಪೆಡಲೇ ಗಂಭೀರ ಸವಾರರ ಗುರುತು ಎಂಬ ಮಾತು ಆಗಾಗ ಕೇಳುತ್ತದೆ. ಆದರೆ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಸಾದಾ ಫ್ಲ್ಯಾಟ್ ಪೆಡಲಿನ ಮೇಲೆ ನಿಂತೇ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದವರು. ಆಮೇಲೆ 2017, 2018, 2019ರಲ್ಲಿ ಸತತ ಮೂರು ಸಲ ಎಂಡ್ಯೂರೋ ವಿಶ್ವ ಸರಣಿಯನ್ನೂ ಗೆದ್ದರು. ಕ್ಲಿಪ್ ಹಾಕಿಸಿದರೆ ಅದಕ್ಕೆಂದೇ ಬೇರೆ ಶೂ ಕೊಳ್ಳಬೇಕು, ಆ ಖರ್ಚನ್ನು ಪೆಡಲಿನ ಬೆಲೆಗೆ ಕೂಡಿಸಿ ನೋಡಿ.

ಫ್ಲ್ಯಾಟ್ ಪೆಡಲಿಗೂ ಶೂ ಖರ್ಚು ಇಲ್ಲವೆಂದಲ್ಲ. ಮೊದಲು 4,500ರ ರನ್ನಿಂಗ್ ಶೂ ಹಾಕಿಕೊಂಡು ಹೋಗುತ್ತಿದ್ದೆ. ಅದರ ತಳ ಮೆತ್ತನೆಯ ಫೋಮು, ಪಿನ್ನುಗಳು ಇಲಿ ಕಡಿದ ಹಾಗೆ ಕಡಿದುಹಾಕಿದವು. ಬ್ಯಾಡ್ಮಿಂಟನ್ ಶೂ ಹಿಡಿತಕ್ಕೆ ತುಂಬಾ ಚೆನ್ನಾಗಿತ್ತು, ಆದರೆ ನಾಲ್ಕು ತಿಂಗಳಿಗೆ ತಳ ತೆಳ್ಳಗಾಯಿತು. ನಮ್ಮ ರಸ್ತೆಯ ಮೂಲೆಯಲ್ಲಿ ಶೂ ಹೊಲಿಯುವ ಹಿರಿಯರು 350 ರೂಪಾಯಿಗೆ ಅದಕ್ಕೊಂದು ಸಮತಟ್ಟಾದ ರಬ್ಬರ್ ತಳ ಅಂಟಿಸಿ, ಸುತ್ತ ಹೊಲಿಗೆಯನ್ನೂ ಹಾಕಿಕೊಟ್ಟರು. ಎರಡು ಮಳೆಗಾಲ ಕಳೆದಿದೆ. ಬಂಡೆ ಹತ್ತುವವರ ಶೂಗಳಿಗೆಂದು ಮೆತ್ತನೆಯ ರಬ್ಬರ್ ಮಾಡಿಕೊಂಡು ಬಂದ ಫೈವ್ ಟೆನ್ ಕಂಪನಿಯ ಶೂಗಳು ಸೈಕಲ್ ಸವಾರರಿಗೂ ಅಚ್ಚುಮೆಚ್ಚು. ನೋಡಬೇಕಾದ್ದು ಆ ಗುಣವನ್ನೇ: ತಳ ಚಪ್ಪಟೆ ಇರಬೇಕು, ರಬ್ಬರು ಮೆತ್ತಗಿದ್ದೂ ಗಟ್ಟಿ ಇರಬೇಕು.

ಒಂದು ಎಚ್ಚರಿಕೆ, ಇದರಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ಎಡ ಪೆಡಲಿನ ಥ್ರೆಡ್ ಉಲ್ಟಾ. ಬಿಚ್ಚಲು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ತಿರುಗಿಸಬೇಕು, ಹಾಕಲು ಅದಕ್ಕೆ ಎದುರು. ತುಳಿಯುತ್ತಾ ತುಳಿಯುತ್ತಾ ಪೆಡಲು ತಾನೇ ಸಡಿಲವಾಗದಿರಲಿ ಎಂದು ಹಾಗೆ ಮಾಡಿದ್ದಾರೆ. ನೈಲಾನ್ ಪೆಡಲನ್ನು ಮೊದಲು ಹಾಕಿಸಿದ್ದು ಬೇರೆ ಒಂದು ಅಂಗಡಿಯಲ್ಲಿ. ಅಲ್ಲಿಯ ಹುಡುಗ ಬಲದ್ದನ್ನು ಎಡಕ್ಕೆ ಇಟ್ಟು ಉದ್ದ ಸ್ಪ್ಯಾನರಿನಿಂದ ಬಲ ಹಾಕಿ ತಿರುಗಿಸಿಬಿಟ್ಟ. ಉಕ್ಕಿನ ಆಕ್ಸಲಿಗೆ ಏನೂ ಆಗಲಿಲ್ಲ, ಪೆಡಲು ಕೂರುವ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಉದುರಿಹೋಯಿತು. ಹೊಸ ಕ್ರ್ಯಾಂಕಿಗೆ 2,200 ತೆತ್ತೆ. ಅಂದಿನಿಂದ ನನ್ನ ಪೆಡಲನ್ನು ನಾನೇ ಹಾಕುತ್ತೇನೆ. ಥ್ರೆಡ್ಡಿಗೆ ಗ್ರೀಸ್ ಸವರಿ, ಮೊದಲ ನಾಲ್ಕು ಸುತ್ತು ಬರೀ ಬೆರಳಲ್ಲಿ. ಬೆರಳಿಗೆ ಬಗ್ಗದಿದ್ದರೆ ಏನೋ ತಪ್ಪಾಗಿದೆ ಎಂದೇ ಅರ್ಥ. ಸೈಕಲ್ ತೊಳೆಯುವಾಗಲೂ ಜೋರು ನೀರಿನ ಪೈಪನ್ನು ಪೆಡಲಿನ ಸಂದಿಗೆ ಹಿಡಿಯುವುದಿಲ್ಲ. ಸಕಲೇಶಪುರದ ಕಾಫಿ ತೋಟದ ದಾರಿಗಳಲ್ಲಿ ಮೆತ್ತಿಕೊಂಡ ಕೆಸರನ್ನು ಒಣಗಲು ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉದುರಿಸುತ್ತೇನೆ.

ಕೊಳ್ಳುವಾಗಿನ ಲೆಕ್ಕದಲ್ಲಿ ಇನ್ನೊಂದು ಮಾತು: ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಬಿಲ್ಲು ಕೇಳಿ ಪಡೆಯಿರಿ, ತೆರಿಗೆಯ ಸಾಲನ್ನು ಓದಿ.

ಹೋದ ವಾರ ಅಕ್ಕನ ಮಗ ಹೊಸ ಸೈಕಲ್ ತಂದ. ಪಿಯುಸಿ ಹುಡುಗ, ಒಂದು ವರ್ಷ ಕೂಡಿಟ್ಟ ದುಡ್ಡಿಗೆ ಅವರಪ್ಪ ಉಳಿದದ್ದು ಸೇರಿಸಿ ಕೊಡಿಸಿದ್ದು. ಪೆಡಲು ಅದೇ ನುಣುಪು ಕರಿ ಪ್ಲಾಸ್ಟಿಕ್ಕು. “ಚಿಕ್ಕಮ್ಮಾ, ಇದು ಹಾಳಾದ ಮೇಲೆ ಬೇರೆ ಹಾಕಿಸ್ತೀನಿ ಬಿಡಿ” ಅಂದ. ಹಾಳಾಗುವವರೆಗೆ ಕಾಯಬೇಡ ಕಣೋ ಎಂದು ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿ ಗೀರು ತೋರಿಸಿದೆ. ಅವನು ಬೆರಳಿಟ್ಟು ಹೊಲಿಗೆ ಎಣಿಸಿದ. ಭಾನುವಾರ ಇಬ್ಬರೂ ಮೇಸ್ತ್ರಿಯ ಅಂಗಡಿಗೆ ಹೋಗುತ್ತಿದ್ದೇವೆ. 15ರ ಸ್ಪ್ಯಾನರನ್ನು ನಾನೇ ಒಯ್ಯುತ್ತೇನೆ, ಎಡಗಡೆಯದನ್ನು ಅವನ ಕೈಯಲ್ಲೇ ಬಿಚ್ಚಿಸಬೇಕು.