ಕಲ್ಲುಹಾದಿಯ ಮೋಟಾರು ಸೈಕಲು: ಸ್ಪ್ರಿಂಗು, ಎಣ್ಣೆ ಮತ್ತು ಅಳತೆ

ಡಾಂಬರು ರಸ್ತೆಯಲ್ಲಿಯೂ ಕಲ್ಲುಮಣ್ಣಿನ ಹಾದಿಯಲ್ಲಿಯೂ ಓಡಬಲ್ಲ ಮೋಟಾರು ಸೈಕಲುಗಳಿಗೆ ಡ್ಯುಯಲ್ ಸ್ಪೋರ್ಟ್ ಎಂದು ಹೆಸರು. 1968ರಲ್ಲಿ ಪೇಟೆಗೆ ಬಂದ ಜಪಾನಿನ ಯಮಹಾ ಡಿಟಿ-1 ಈ ವರ್ಗದ ಹೆಸರಾಂತ ಆದ್ಯರಲ್ಲೊಂದು. ನಮ್ಮ ದೇಶದಲ್ಲಿ 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂದ ಮೇಲೆ ಇಂತಹ ವಾಹನಗಳು ಹಳ್ಳಿಯ ಹಾದಿಗಳಲ್ಲಿಯೂ ಕಾಣತೊಡಗಿದವು. ಅವನ್ನು ಕೊಂಡ ತರುಣರು ‘ಶಾಕ್ ಬದಲಾಯಿಸಬೇಕು’ ಎಂದು ಮನೆಯವರಲ್ಲಿ ಹಣ ಕೇಳುವುದೂ ಉಂಟು. ಈ ಕೆಲಸದಲ್ಲಿ ಮನೆಯ ಹಣವೂ ಸವಾರನ ಪ್ರಾಣವೂ ಅಡಗಿರುವುದರಿಂದ, ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ನೆರವಿನಿಂದ ನಾವು ಇದನ್ನು ಕೊಂಚ ವಿಚಾರಿಸೋಣ.

ಸ್ಪ್ರಿಂಗಿನ ಕೆಲಸ

ಭಾರ ಎರಡರಷ್ಟಾದರೆ ಸ್ಪ್ರಿಂಗಿನ ಕುಗ್ಗುವಿಕೆಯೂ ಎರಡರಷ್ಟಾಗುವುದು. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವಿದು. ಸ್ಪ್ರಿಂಗು ಮೆದುವಾದಷ್ಟೂ ಅದೇ ಭಾರಕ್ಕೆ ಹೆಚ್ಚು ಕುಗ್ಗುತ್ತದೆ. ತೀರ ಮೆದುವಾದರೆ ಗುಂಡಿಗೆ ಬಿದ್ದಾಗ ಕೊನೆಯವರೆಗೂ ಕುಗ್ಗಿ ಲೋಹಕ್ಕೆ ಲೋಹ ತಾಗುವಂತೆ ಬಡಿಯುತ್ತದೆ; ತೀರ ಗಟ್ಟಿಯಾದರೆ ಕಲ್ಲಿನ ಮೇಲೆ ಚಕ್ರ ಪುಟಿದು ನೆಲದ ಹಿಡಿತ ತಪ್ಪುತ್ತದೆ. ನೆಲವನ್ನು ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಫಲವಿಲ್ಲ. ಸವಾರನ ಸುಖಕ್ಕಿಂತಲೂ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಸಸ್ಪೆನ್ಷನ್ನಿನ ಮುಖ್ಯ ಕೆಲಸವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಎಣ್ಣೆಯ ಕೆಲಸ

ಒತ್ತಿ ಬಿಟ್ಟ ಸ್ಪ್ರಿಂಗು ತಾನಾಗಿ ನಿಲ್ಲದು, ಕುಣಿಯುತ್ತಲೇ ಇರುವುದು. ಈ ಕುಣಿತವನ್ನು ಅಡಗಿಸಲು ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆಯಿದೆ. ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಉದ್ದವಾದ ಕಲ್ಲುಹಾದಿಯನ್ನು ಮುಗಿಸಿದ ವಾಹನದ ಶಾಕ್ ಬಿಸಿಯಾಗಿರುವುದು ಇದರಿಂದಲೇ.

ಸಾಧಾರಣವಾದ ಮುಂದಿನ ಫೋರ್ಕಿನಲ್ಲಿ ರಂಧ್ರಗಳ ಗಾತ್ರ ಬದಲಾಗದು. ಆದುದರಿಂದ ಮೆಲ್ಲನೆಯ ಚಲನೆಗೆ ತಡೆ ಸಾಲದು. ಚೂಪುಗಲ್ಲಿನ ಹಠಾತ್ ಹೊಡೆತಕ್ಕೆ ತಡೆ ವಿಪರೀತವಾಗುತ್ತದೆ. ಗಟ್ಟಿ ಎಣ್ಣೆ ತುಂಬಿದರೆ ಮೊದಲನೆಯ ಕೊರತೆ ನೀಗಿ ಎರಡನೆಯದು ಹೆಚ್ಚುವುದು. ಬೆಲೆಬಾಳುವ ಫೋರ್ಕುಗಳಲ್ಲಿ ತೆಳುವಾದ ಉಕ್ಕಿನ ಬಿಲ್ಲೆಗಳು ಒತ್ತಡಕ್ಕೆ ತಕ್ಕಂತೆ ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ. ಅಧಿಕ ಬೆಲೆಗೆ ಒಂದು ಕಾರಣವಿದು.

ಕೊಳ್ಳುವ ಮುನ್ನ ಅಳತೆ

ಹೊಸ ಸಾಮಾನು ಕೊಳ್ಳುವ ಮೊದಲು ಅಳತೆಪಟ್ಟಿಯೊಂದನ್ನು ಕೈಗೆತ್ತಿಕೊಳ್ಳಬೇಕು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಅಚ್ಚಿನಿಂದ ನೇರ ಮೇಲಕ್ಕೆ ಒಂದು ಗುರುತಿನವರೆಗೆ ಅಳೆಯಿರಿ. ಅನಂತರ ವಾಹನವನ್ನು ನೆಲಕ್ಕಿಳಿಸಿ ಅದರ ಸ್ವಂತ ಭಾರದಲ್ಲಿ ಅಳೆಯಿರಿ. ಕೊನೆಗೆ ಸವಾರನು ಕುಳಿತಾಗ ಅಳೆಯಿರಿ. ಇದಕ್ಕೆ ಮೂವರು ಬೇಕು: ಒಬ್ಬನು ಕುಳಿತುಕೊಳ್ಳಲು, ಒಬ್ಬನು ಹಿಡಿಯಲು, ಒಬ್ಬನು ಅಳೆಯಲು.

ಎಕ್ಸ್‌ಪಲ್ಸ್ 200ರ ಹಿಂದಿನ ಚಕ್ರದ ಪೂರ್ಣ ಚಲನೆ 170 ಮಿಲಿಮೀಟರು. ಸವಾರನು ಕುಳಿತಾಗ ಇದರ ಸುಮಾರು ಶೇಕಡ 30, ಅಂದರೆ 51 ಮಿಲಿಮೀಟರು, ಕುಗ್ಗಿದರೆ ಒಳ್ಳೆಯದು. ವಾಹನವು ತಾನಾಗಿ ಸುಮಾರು ಹತ್ತನೆಯ ಒಂದು ಭಾಗ, ಅಂದರೆ 17 ಮಿಲಿಮೀಟರು, ಕುಗ್ಗಬೇಕು. ಒಂದು ವಾಹನದಲ್ಲಿ ಮೂರು ಅಳತೆಗಳು 600, 583 ಮತ್ತು 539 ಬಂದುವೆಂದು ಭಾವಿಸೋಣ. ಸ್ವಂತ ಕುಗ್ಗು 17, ಸವಾರನೊಡನೆ 61. ಎರಡರ ಅಂತರವಾದ 44 ಸವಾರನ ಪಾಲು. ಸ್ಪ್ರಿಂಗಿನ ಬಳೆಯನ್ನು ತಿರುಗಿಸಿ 10 ಮಿಲಿಮೀಟರು ಎತ್ತರಿಸಿದರೆ ಈ ಎರಡು ಸಂಖ್ಯೆಗಳು 7 ಮತ್ತು 51 ಆಗುವುವು. ಸವಾರನ ಪಾಲು ಮಾತ್ರ 44 ಆಗಿಯೇ ಉಳಿಯಿತು!

ಇಲ್ಲಿರುವ ತತ್ತ್ವವೇ ಈ ಪಾಠದ ತಿರುಳು. ಬಳೆಯನ್ನು ಬಿಗಿಗೊಳಿಸುವುದರಿಂದ ವಾಹನದ ಎತ್ತರ ಬದಲಾಗುವುದೇ ಹೊರತು ಸ್ಪ್ರಿಂಗು ಗಟ್ಟಿಯಾಗದು. ಸವಾರನೊಡನೆ ಕುಗ್ಗು ಸರಿಯಾಗಿದ್ದು ಸ್ವಂತ ಕುಗ್ಗು ತೀರ ಕಡಿಮೆಯಿದ್ದರೆ ಆ ಸವಾರನಿಗೆ ಸ್ಪ್ರಿಂಗು ಮೆದುವೆಂದೂ, ಸ್ವಂತ ಕುಗ್ಗು ಅತಿಯಾಗಿದ್ದರೆ ಗಟ್ಟಿಯೆಂದೂ ತಿಳಿಯಬೇಕು. ಮೊದಲನೆಯದರಲ್ಲಿ ಗಟ್ಟಿ ಸ್ಪ್ರಿಂಗು ಕೊಳ್ಳುವುದು ನ್ಯಾಯ. ಅಳತೆ ಸರಿಯಿದ್ದರೆ ಹಣ ಉಳಿಯಿತು. ಮಗುವನ್ನು ಹಿಂದೆ ಕೂರಿಸಿಕೊಂಡು ದಿನವೂ ಶಾಲೆಗೆ ಬರುವ ತಂದೆತಾಯಿಗಳು ಮಗುವನ್ನೂ ಕೂರಿಸಿಯೇ ಅಳೆಯಬೇಕು.

ಎಚ್ಚರಿಕೆಗಳು

ಗಟ್ಟಿ ಸ್ಪ್ರಿಂಗು ಹಿಂದಕ್ಕೆ ಜೋರಾಗಿ ಪುಟಿಯುವುದರಿಂದ, ಎಣ್ಣೆಯ ತಡೆಯನ್ನೂ ಹೆಚ್ಚಿಸದಿದ್ದರೆ ಸವಾರನು ಎಸೆಯಲ್ಪಡಬಹುದು. ಹಿಂಭಾಗವನ್ನು ಮಾತ್ರ ಎತ್ತರಿಸಿದರೆ ಮುಂದಿನ ಫೋರ್ಕು ಹೆಚ್ಚು ನೆಟ್ಟಗಾಗಿ ಹ್ಯಾಂಡಲು ಚಂಚಲವಾಗುವುದು. ಆದುದರಿಂದ ಎರಡೂ ಕಡೆ ಒಟ್ಟಿಗೆ ನೋಡಬೇಕು. ಚೈನಿನ ಸಡಿಲವನ್ನು ಮತ್ತೆ ಪರೀಕ್ಷಿಸಬೇಕು. ವಾಹನ ಎತ್ತರವಾದರೆ ಪಕ್ಕದ ಸ್ಟ್ಯಾಂಡೂ ಉದ್ದವಾಗಬೇಕು.

ಚಲನೆ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಪೂರ್ಣ ಸತ್ಯವಲ್ಲ. 2022ರಲ್ಲಿ ಬಂದ ಎಕ್ಸ್‌ಪಲ್ಸಿನ ರ್‍ಯಾಲಿ ಮಾದರಿಯಲ್ಲಿ ಮುಂದಿನ ಚಲನೆ 190ರಿಂದ 250ಕ್ಕೂ, ಹಿಂದಿನದು 170ರಿಂದ 220ಕ್ಕೂ ಏರಿತು. ಅದರೊಡನೆ ಆಸನದ ಎತ್ತರವೂ 825ರಿಂದ 891 ಮಿಲಿಮೀಟರಿಗೆ ಏರಿತು. ಕಾಲು ನೆಲಕ್ಕೆ ಎಟುಕದ ಸವಾರನಿಗೆ ಕೆಸರಿನಲ್ಲಿ ಈ ಎತ್ತರವೇ ಶತ್ರು. ಅಲ್ಲದೆ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕೆಲಸಕ್ಕೆ ಕೈಹಾಕುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಅಭ್ಯಾಸ

ಇನ್ನೊಂದು ಎಕ್ಸ್‌ಪಲ್ಸ್ ವಾಹನದ ಮೂರು ಅಳತೆಗಳು 600, 570 ಮತ್ತು 549. ಸವಾರನ ಪಾಲೆಷ್ಟು? ಸ್ಪ್ರಿಂಗು ಈ ಸವಾರನಿಗೆ ಮೆದುವೋ, ಗಟ್ಟಿಯೋ? ಕಾರಣ ಸಹಿತ ಬರೆಯಿರಿ. ಮನೆಯಲ್ಲಿ ಮೋಟಾರು ಸೈಕಲು ಇದ್ದವರು ಹಿರಿಯರ ಸಮ್ಮುಖದಲ್ಲಿ ಅದನ್ನೂ ಅಳೆದು, ಲೆಕ್ಕವನ್ನು ಅವರಿಗೆ ಕನ್ನಡದಲ್ಲಿ ವಿವರಿಸಿರಿ. ವಿವರಿಸಲು ಬಂದರೆ ಪಾಠ ಕಲಿತಂತಾಯಿತು.