‘ಉಚಿತ’ ಎಂಬ ಮಾತಿನ ಬೆಲೆ

ಪುಣೆಗೆ ಕಟ್ಟಡದ ಕೆಲಸ ಹುಡುಕಿಕೊಂಡು ಬಂದಿರುವ ನಮ್ಮ ಕಲಬುರಗಿ ಕಡೆಯ ಮಂದಿ ಬಹಳ. ಕಳೆದ ತಿಂಗಳು ಅವರ ತಗಡಿನ ಶೆಡ್ಡುಗಳ ಕಡೆ ಹೋಗಿದ್ದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. “ಮಗಳನ್ನ ಸಾಲಿಗೆ ಯಾಕ ಕಳಿಸಿಲ್ಲವ್ವಾ? ಫೀಸು ಇಲ್ಲಲ್ಲ?” ಎಂದು ತಾಯಿಯನ್ನು ಕೇಳಿದೆ.

“ಸಾಲಿಗಿ ರೊಕ್ಕ ಹತ್ತಲ್ಲ, ಖರೇ ಅದ ತಮ್ಮಾ. ನಾ ಕೆಲಸಕ್ಕ ಹೋದ್ರ ಈ ಕೂಸಿನ್ನ ಯಾರು ಹಿಡೀಬೇಕು?”

ನಾನು ಸುಮ್ಮನಾದೆ. ಆದರೆ ಈ ಪ್ರಶ್ನೆ ಪುಣೆಗೆ ಹೊಸದಲ್ಲ.

ಇದೇ ಊರಿನ ಜೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗಕ್ಕೆ ಮನವಿ ಸಲ್ಲಿಸಿ, ಕನಿಷ್ಠ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ, ಬಡವರು ಮಕ್ಕಳನ್ನು ಕಳಿಸಬೇಕಾದರೆ ವಿದ್ಯಾರ್ಥಿವೇತನ, ಬಹುಮಾನಗಳೂ ಬೇಕೆಂದರು. ದನ ಕಾಯುವ ಮಗು ಶಾಲೆಗೆ ಬಂದರೆ ಮನೆಗೆ ಆಗುವ ನಷ್ಟ ಅವರಿಗೆ ಗೊತ್ತಿತ್ತು.

1911ರಲ್ಲಿ ಪುಣೆಯ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಶಿಕ್ಷಣದ ಮಸೂದೆ ಮಂಡಿಸಿದರು. ತಿಂಗಳಿಗೆ ಹತ್ತು ರೂಪಾಯಿ ಮೀರದ ಆದಾಯದವರಿಗೆ ಶುಲ್ಕ ಬೇಡವೆಂಬುದು ಅದರಲ್ಲಿತ್ತು. 1912ರಲ್ಲಿ ಅದು 38–13 ಮತಗಳಿಂದ ಬಿದ್ದುಹೋಯಿತು.

ದೂರದ ಆಫ್ರಿಕದಲ್ಲೂ ಇದೇ ಪಾಠ. ಕೀನ್ಯಾ ದೇಶ 2003ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದಾಗ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. ಶುಲ್ಕ ನಿಜವಾದ ಅಡ್ಡಿಯೇ ಆಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಆದರೆ ತರಗತಿಗಳು ಕಿಕ್ಕಿರಿದವು. ಸಮವಸ್ತ್ರದ ಖರ್ಚು ಹೆತ್ತವರ ತಲೆಯ ಮೇಲೇ ಉಳಿಯಿತು. ‘ಉಚಿತ ಅಂದಮೇಲೆ ಇದೇನು?’ ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. ಕಲಿಕೆ ಮುಗಿಸಲು ಅಡ್ಡಿಯಾಗುವ ಶುಲ್ಕವಷ್ಟೇ ಅಲ್ಲ, ‘ಖರ್ಚು’ ಸಹ ಮಗುವಿನ ಮೇಲೆ ಬೀಳಬಾರದು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ತಾಯಿ ಒಂದು ದಿನ ಮನೆಯಲ್ಲಿ ಉಳಿದರೆ ಹೋಗುವ ಕೂಲಿಯನ್ನು ಯಾವ ಖರ್ಚಿನಲ್ಲಿ ಸೇರಿಸೋಣ?

2025ರವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಂತೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕಿತ್ತು. ಇಪ್ಪತ್ತೇ ಹೆಂಗಸರಿದ್ದರೆ? ಅಲ್ಲಿ ಕೂಸು ಅಕ್ಕನ ಸೊಂಟಕ್ಕೇ ಗತಿ.

ಗೆಳೆಯರೇ, ಶಿಕ್ಷಣದ ಲೆಕ್ಕದಲ್ಲಿ ಕೂಸಿನ ಕೋಣೆಯನ್ನೂ ಸೇರಿಸಬೇಕು ಎಂಬುದೇ ನನ್ನ ಅಭಿಪ್ರಾಯ. ಆ ತಮ್ಮನನ್ನು ಇಳಿಸಿಕೊಳ್ಳುವ ಕೈ ಸಿಗುವವರೆಗೆ ಆ ಹುಡುಗಿಗೆ ಶಾಲೆ ಉಚಿತವಲ್ಲ.