ಒಂದು ಸೆಮಿಸ್ಟರಿನ ವಿಳಂಬಕ್ಕೆ ತೆತ್ತ ಬೆಲೆ

ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಪೂರ್ಣಾವಧಿಯ ನರ್ಸಾಗಿ ದುಡಿಯುತ್ತಲೇ ನರ್ಸ್ ಪ್ರ್ಯಾಕ್ಟೀಷನರ್ ಪದವಿಗೆ ಓದುತ್ತಿದ್ದ ನಾನು, ಮೂರು ಸೆಮಿಸ್ಟರುಗಳಲ್ಲಿ ಮುಗಿಸಬಹುದಾಗಿದ್ದ ಕ್ಲಿನಿಕಲ್ ಅವಧಿಯನ್ನು ಬೇಕೆಂದೇ ನಾಲ್ಕಕ್ಕೆ ಹಂಚಿಕೊಂಡಾಗ, ಸಹಪಾಠಿಗಳು ಅದನ್ನು ಆಲಸ್ಯವೆಂದು ಭಾವಿಸಿದರು. ಮಂಗಳೂರಿನಿಂದ ಅಣ್ಣ ಫೋನು ಮಾಡಿ, “ಹತ್ತು ಸಾವಿರ ಡಾಲರ್ ನೀರಿಗೆ ಹಾಕಿದ ಹಾಗಾಯಿತಲ್ಲ ಮಾರಾಯ್ತಿ” ಎಂದ. ಅವನ ಅಂಕಿಯಲ್ಲಿ ದೋಷವಿರಲಿಲ್ಲ. ನನಗೆ ಬರುತ್ತಿದ್ದ ವೇತನಕ್ಕೂ ಮುಂದೆ ಬರಬೇಕಾದ ವೇತನಕ್ಕೂ ವರ್ಷಕ್ಕೆ ಸುಮಾರು 30,000 ಡಾಲರ್ ಅಂತರವಿದ್ದುದರಿಂದ, ನಾಲ್ಕು ತಿಂಗಳು ತಡವಾದರೆ 10,000 ಡಾಲರ್ ಹೋದಂತೆಯೇ ಸರಿ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟದ ಎದುರಿಗೆ ಮತ್ತೊಂದು ಪುಟವೂ ಇರುತ್ತದೆ.

ನರ್ಸ್ ಪ್ರ್ಯಾಕ್ಟೀಷನರ್ ಶಿಕ್ಷಣಕ್ಕಾಗಿ ಅಮೆರಿಕದಲ್ಲಿ ಬಂದ 2022ರ ರಾಷ್ಟ್ರೀಯ ಮಾನದಂಡವು ಕ್ಲಿನಿಕಲ್ ತರಬೇತಿಯ ಕನಿಷ್ಠ ಮಿತಿಯನ್ನು 500 ಗಂಟೆಗಳಿಂದ 750ಕ್ಕೆ ಏರಿಸಿತು. ಈ ಗಂಟೆಗಳಿಗೆ ಸಂಬಳವಿಲ್ಲ. ವಾರ್ಡಿನಲ್ಲಿ ನಾವು ಸಂಬಳಕ್ಕಾಗಿ ದುಡಿದ ಗಂಟೆ ಇದರಲ್ಲಿ ಜಮೆಯಾಗುವುದೂ ಇಲ್ಲ. ಹದಿನೈದು ವಾರಗಳ ಮೂರು ಸೆಮಿಸ್ಟರುಗಳಿಗೆ ಹಂಚಿದರೆ ವಾರಕ್ಕೆ 16 ಗಂಟೆ 40 ನಿಮಿಷ, ನಾಲ್ಕಕ್ಕೆ ಹಂಚಿದರೆ 12 ಗಂಟೆ 30 ನಿಮಿಷ ಬೀಳುತ್ತದೆ. ಮೊದಲನೆಯ ಹಂಚಿಕೆಯನ್ನು ವಾರಕ್ಕೆ 36 ಗಂಟೆಗಳ ನೌಕರಿಯೊಡನೆ ನಿಭಾಯಿಸಲಾಗದೆ ಹಲವರು ವಾರಕ್ಕೊಂದು ಶಿಫ್ಟನ್ನು ಬಿಟ್ಟುಬಿಡುತ್ತಾರೆ. ಗಂಟೆಗೆ 44 ಡಾಲರಿನ ನನ್ನ ದರದಲ್ಲಿ ಹನ್ನೆರಡು ಗಂಟೆಯ ಶಿಫ್ಟೊಂದು 528 ಡಾಲರ್; 45 ವಾರಗಳಿಗೆ 23,760. ಮೇಲಾಗಿ ಉದ್ಯೋಗದಾತರು ವಿದ್ಯಾಭ್ಯಾಸಕ್ಕೆಂದು ಕೊಡುವ, ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆಯಿಲ್ಲದ ನೆರವು ನಮ್ಮ ಆಸ್ಪತ್ರೆಯಲ್ಲಿ ಅರೆಕಾಲಿಕರಿಗೆ ಅರ್ಧಕ್ಕಿಳಿಯುತ್ತಿತ್ತು. ಅಲ್ಲಿಗೆ 2,625 ಕೂಡಿ ನಷ್ಟ 26,385 ಆಯಿತು. ಆರೋಗ್ಯ ವಿಮೆಯ ಪ್ರೀಮಿಯಮ್ಮಿನ ಏರಿಕೆಯನ್ನು ನಾನಿನ್ನೂ ಸೇರಿಸಿಲ್ಲ.

ಇನ್ನು ನನ್ನ ದಾರಿ. ವಿಳಂಬಕ್ಕೆ 10,000, ಹೆಚ್ಚುವರಿ ಸೆಮಿಸ್ಟರಿನ ನೋಂದಣಿಗೆ 600; ಕ್ರೆಡಿಟ್ಟಿನ ಶುಲ್ಕ ಹಂಚಿಹೋಯಿತೇ ವಿನಾ ಬೆಳೆಯಲಿಲ್ಲ. ಜನವರಿಯಲ್ಲಿ ಆರಂಭವಾದ ಕ್ಲಿನಿಕಲ್ ಮುಂದಿನ ವರ್ಷದ ವಸಂತ ಸೆಮಿಸ್ಟರಿಗೆ ದಾಟಿದುದರಿಂದ, ಹೊಸ ಕ್ಯಾಲೆಂಡರ್ ವರ್ಷದ 5,250 ಡಾಲರ್ ನೆರವು ಪೂರ್ತಿಯಾಗಿ ಕೈಸೇರಿತು. ಅದನ್ನು ಕಳೆದರೆ ಉಳಿದ ವೆಚ್ಚ 5,350. ನೆರವಿನ ಈ ಅಂಶವನ್ನು ಅಣ್ಣನಿಗೆ ಎರಡು ಸಲ ವಿವರಿಸಬೇಕಾಯಿತು; ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದವರಿಗೆ ಬಡ್ಡಿಯಿಲ್ಲದ ಹಣದಲ್ಲಿ ನಂಬಿಕೆ ಕಡಿಮೆ.

ಸಾಲ ಮಾಡುವ ಮಾರ್ಗವೂ ಇದೆ. ಆದರೆ 2025ರ ಕಾನೂನಿನಂತೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವಿದ್ಯಾರ್ಥಿಗಳಿಗೆ, ಸ್ನಾತಕೋತ್ತರ ವ್ಯಾಸಂಗಕ್ಕೆ ಸರ್ಕಾರ ಕೊಡುವ ಗ್ರ್ಯಾಡ್ ಪ್ಲಸ್ ಸಾಲದ ಬಾಗಿಲು ಬಂದ್. ಸಾಲ ಕೊಡುವ ಖಾಸಗಿ ಸಂಸ್ಥೆಗಳ ಓಲೆಗಳು ಆ ತೆರವಿಗೇ ಕಾದು ಕುಳಿತಿವೆ. ಅದರ ಮಾತು ಸದ್ಯಕ್ಕೆ ಇಷ್ಟು ಸಾಕು.

ನನ್ನ ಸಹನೆಯನ್ನು ನಿಜವಾಗಿ ಪರೀಕ್ಷಿಸಿದ್ದು, ಕ್ಲಿನಿಕಲ್ ಗಂಟೆಗಳಲ್ಲಿ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿ ಸಹಿ ಹಾಕುವ ಪ್ರಿಸೆಪ್ಟರನ್ನು ಹುಡುಕಿಕೊಡುವ ಏಜೆನ್ಸಿಗಳು. ನಾನು ಓದಿದ ಮಂಗಳೂರಿನ ಕಾಲೇಜಿನಲ್ಲಿ ಪೋಸ್ಟಿಂಗಿನ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತಿತ್ತು, ಬಸ್ಸು ನಮ್ಮನ್ನು ಆಸ್ಪತ್ರೆಯ ಮುಂದೆ ಇಳಿಸುತ್ತಿತ್ತು. ಇಲ್ಲಿನ ಎಷ್ಟೋ ಕಾರ್ಯಕ್ರಮಗಳಲ್ಲಿ ಪ್ರಿಸೆಪ್ಟರನ್ನು ಹುಡುಕುವ ಭಾರ ವಿದ್ಯಾರ್ಥಿಯದೇ. ಆ ಅಸಹಾಯಕತೆಯ ಮೇಲೆ ಬೆಳೆದ ಈ ವ್ಯಾಪಾರದ ಒಂದು ಕರಾರನ್ನು ನಾನು ಓದಿದೆ: ಗಂಟೆಗೆ 14 ಡಾಲರ್, ಅಂದರೆ 750 ಗಂಟೆಗೆ 10,500, ಮುಂಗಡ ಹಣ ಹಿಂದಿರುಗದು, ಕ್ಲಿನಿಕ್ಕು 60 ಮೈಲಿ ದೂರವಿದ್ದರೂ ಆಕ್ಷೇಪಿಸುವಂತಿಲ್ಲ. ಸಂಬಳವಿಲ್ಲದ ದುಡಿಮೆಗೆ ನಾವೇ ಕೂಲಿ ತೆರಬೇಕೆನ್ನುವ ಈ ಏರ್ಪಾಡನ್ನು ಸೇವೆಯೆಂದು ಕರೆಯುವ ಔದಾರ್ಯ ನನಗಿಲ್ಲ. ಅಚ್ಚುಕಟ್ಟಾದ ಒಂದು ಪತ್ರವನ್ನೂ ರೆಸ್ಯೂಮೆಯನ್ನೂ ಹಿಡಿದು ನಾನೇ ಕ್ಲಿನಿಕ್ಕುಗಳಿಗೆ ಹೋದೆ. ಎಲ್ಲೆಡೆಯೂ ಆಫೀಸ್ ಮ್ಯಾನೇಜರೇ ದ್ವಾರಪಾಲಕರು. ಅವರು ಒಪ್ಪದೆ ಪತ್ರ ಒಳಗಿನವರ ಮೇಜಿಗೆ ಹೋಗುವುದಿಲ್ಲ. ನನಗೆ ಸ್ಥಳ ದೊರೆತದ್ದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ನಿಂತು ನನ್ನ ಶಿಫ್ಟುಗಳ ವೇಳಾಪಟ್ಟಿಯನ್ನು ಒಬ್ಬ ಮ್ಯಾನೇಜರಿಗೆ ತೋರಿಸಿ, ಯಾವ ದಿನ ಬರಬಲ್ಲೆನೆಂಬುದನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಟ್ಟ ಮೇಲೆಯೇ.

ಹಣವನ್ನು ಹೇಗೋ ಹೊಂದಿಸಿಕೊಂಡವರು ದಿನನಿತ್ಯದ ಅಭ್ಯಾಸಗಳಲ್ಲಿ ಸೋಲುವುದನ್ನು ನಾನು ನೋಡಿದ್ದೇನೆ. ರಾತ್ರಿಪಾಳಿಯನ್ನು ಬೆಳಗಿನ ಏಳಕ್ಕೆ ಮುಗಿಸಿ ಎಂಟಕ್ಕೆ ಕ್ಲಿನಿಕ್ಕಿನಲ್ಲಿ ಕುಳಿತು ಮಗುವಿನ ತೂಕಕ್ಕೆ ಔಷಧದ ಪ್ರಮಾಣವನ್ನು ಗುಣಿಸುವವರ ಧೈರ್ಯ ನನ್ನಲ್ಲಿಲ್ಲ, ಇರಬೇಕೆಂಬ ಆಸೆಯೂ ಇಲ್ಲ. ಪಾಳಿಯ ಪಟ್ಟಿ ತೆರೆದ ದಿನವೇ ಕ್ಲಿನಿಕಲ್ ದಿನಗಳನ್ನು ಕಾದಿರಿಸಿಕೊಳ್ಳಬೇಕು, ಗಂಟೆಗಳ ದಾಖಲೆಯನ್ನು ಆಯಾ ಸಂಜೆಯೇ ಬರೆದು ಸಹಿ ಪಡೆಯಬೇಕು, ಊಟದ ಡಬ್ಬಿಯನ್ನು ಹಿಂದಿನ ರಾತ್ರಿಯೇ ತುಂಬಿಡಬೇಕು. ತಿಂಗಳ ಕೊನೆಯಲ್ಲಿ ಪ್ರಿಸೆಪ್ಟರ್ ರಜೆಗೆ ಹೋದಾಗ ಸಹಿಯಿಲ್ಲದ ಗಂಟೆಗಳಿಗಾಗಿ ಕಣ್ಣೀರಿಟ್ಟವರಿಗೆ ನಾನು ಸಮಾಧಾನ ಹೇಳಿದ್ದೇನೆ; ಡಬ್ಬಿಯಿಲ್ಲದೆ ಬಂದವರೊಡನೆ ಮಾತ್ರ ಊಟ ಹಂಚಿಕೊಳ್ಳುವುದನ್ನು ಕ್ರಮೇಣ ನಿಲ್ಲಿಸಿದೆ.

ಈ ವರ್ಷ ಅರ್ಜಿ ಹಾಕಲಿರುವ ಸೋದರಿಯರೇ, ಸೋದರರೇ, ಶುಲ್ಕ ಕಟ್ಟುವ ಮೊದಲು, ಪ್ರಿಸೆಪ್ಟರನ್ನು ಹುಡುಕುವವರು ಯಾರು, ಕ್ಲಿನಿಕಲ್ ಕ್ರೆಡಿಟ್ಟುಗಳನ್ನು ಬಿಡಿಸಿ ತೆಗೆದುಕೊಳ್ಳಬಹುದೇ ಎಂಬುದನ್ನು ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ಪಡೆಯಿರಿ. ನೆರವಿನ ಹಣಕ್ಕೆ ಪ್ರತಿಯಾಗಿ ಎಷ್ಟು ವರ್ಷ ಅಲ್ಲೇ ದುಡಿಯಬೇಕೆಂಬುದನ್ನು ನಿಮ್ಮ ಆಸ್ಪತ್ರೆಯ ಎಚ್‌ಆರ್ ವಿಭಾಗದಲ್ಲಿ ಕೇಳಿ ತಿಳಿಯಿರಿ.